ಪದ ಬೇಕಿತ್ತು: ಎಲೆಕ್ಟ್ರೋಡ್ ಅಂಟಿಸಿದ ಮೇಲೆ ನೋಡುವ ‘ಇಂಪಿಡೆನ್ಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ತೆಗೆಯುವ ಮೊದಲು, ತಲೆಗೆ ಅಂಟಿಸಿದ ಒಂದೊಂದು ಎಲೆಕ್ಟ್ರೋಡೂ (ಸಿಗ್ನಲ್ ಹಿಡಿಯುವ ವೈರಿನ ತುದಿ) ಚರ್ಮದ ಮೇಲೆ ಸರಿಯಾಗಿ ಕೂತಿದೆಯಾ ಅಂತ ಮಿಷನ್ನಿನಲ್ಲೇ ನೋಡಿಕೊಳ್ಳುತ್ತೇವೆ. ಅದಕ್ಕೆ ಎಲ್ಲರೂ ಅನ್ನುವುದು ‘ಇಂಪಿಡೆನ್ಸ್ ಚೆಕ್’ ಅಂತಲೇ. ಇಂಪಿಡೆನ್ಸ್ ಅಂದರೆ ಹಿಂದೆ ಮುಂದೆ ಹೋಗುವ ಕರೆಂಟಿಗೆ ಎಷ್ಟು ಅಡ್ಡಿ ಇದೆ ಅನ್ನುವ ಅಳತೆ, ಲೆಕ್ಕ ಓಮ್‌ನಲ್ಲಿ. ಈ ಇಂಪಿಡೆನ್ಸ್‌ಗೆ ಕನ್ನಡದಲ್ಲಿ ಯಾವ ಪದ ಹಾಕೋಣ ಅನ್ನುವುದು ನನ್ನ ಪ್ರಶ್ನೆ. ಇಇಜಿ ಕೋಣೆಗೆ ಎರಡು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದು, ಹೊಸದಾಗಿ ಸೇರುವ ಟೆಕ್ನಿಷಿಯನ್‌ಗಳಿಗೆ ಕೈಪಿಡಿ. ಇನ್ನೊಂದು, ಪರೀಕ್ಷೆಗೆ ಬರುವವರ ಕೈಗೆ ಕೊಡುವ ಒಂದು ಪುಟದ ಹಾಳೆ. ಎರಡರಲ್ಲೂ ಈ ಮಾತು ಬರುತ್ತದೆ. ಎರಡಕ್ಕೂ ಒಂದೇ ಪದ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸಂಗತಿ ಏನು ಅಂತ ನೋಡಿ. ಮಿದುಳಿನಿಂದ ನೆತ್ತಿಯ ಚರ್ಮದವರೆಗೆ ಬರುವ ಸಿಗ್ನಲ್ ತೀರಾ ಸಣ್ಣದು, ಹತ್ತರಿಂದ ನೂರು ಮೈಕ್ರೋವೋಲ್ಟ್ ಅಷ್ಟೆ. ಹೃದಯದ ಇಸಿಜಿಯಲ್ಲಿ ಸಿಗುವುದು ಮಿಲಿವೋಲ್ಟ್ ಲೆಕ್ಕದಲ್ಲಿ. ಇಷ್ಟು ಸಣ್ಣದನ್ನು ಹಿಡಿಯಬೇಕಾದರೆ ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವೆ ಅಡ್ಡ ಬರುವುದೆಲ್ಲ ಕಡಿಮೆ ಇರಬೇಕು. ಅಡ್ಡ ಬರುವುದರಲ್ಲಿ ಮುಖ್ಯವಾದದ್ದು ಚರ್ಮದ ತೀರಾ ಮೇಲಿನ ಸತ್ತ ಪದರ. ಮೈಯ ಬಹುಪಾಲು ಕಡೆ ಅದರ ದಪ್ಪ 10ರಿಂದ 20 ಮೈಕ್ರಾನ್ ಇದ್ದೀತು. ಆದರೂ ಅದನ್ನು ಒರೆಸದೆ, ಉಜ್ಜದೆ ಹಾಗೇ ಎಲೆಕ್ಟ್ರೋಡ್ ಇಟ್ಟರೆ ಇಂಪಿಡೆನ್ಸ್ ಲಕ್ಷ ಓಮ್ ದಾಟಬಹುದು. ಇದರ ಮೇಲೆ ತಲೆಹೊಟ್ಟು, ಬೆವರು ಒಣಗಿದ ಕೊಳೆ. ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಕೊಬ್ಬರಿ ಎಣ್ಣೆ. ಅದಕ್ಕೇ ‘ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ’ ಅಂತ ಹೇಳುವುದು. ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಪೇಸ್ಟೂ ಅಂಟುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಕೂದಲು ಎರಡೂ ಕಡೆ ಸರಿಸಿ, ಬೈತಲೆ ತೆಗೆದ ಹಾಗೆ ಚರ್ಮ ಕಾಣುವಂತೆ ಮಾಡಿಕೊಂಡು, ಹತ್ತಿ ಸುತ್ತಿದ ಕಡ್ಡಿಗೆ ಸಣ್ಣ ಹರಳಿರುವ ಜೆಲ್ ಹಚ್ಚಿ ಆ ಜಾಗವನ್ನಷ್ಟೇ ಉಜ್ಜುತ್ತಾರೆ. ಆಮೇಲೆ ಚಿಕ್ಕ ಬಟ್ಟಲಿನಂಥ ಎಲೆಕ್ಟ್ರೋಡಿಗೆ ಪೇಸ್ಟ್ ತುಂಬಿ ಒತ್ತುತ್ತಾರೆ. ಪರದೆಯ ಮೇಲೆ ತಲೆಯ ಚಿತ್ರ, ಅದರ ಮೇಲೆ ಒಂದೊಂದು ಎಲೆಕ್ಟ್ರೋಡಿಗೆ ಒಂದೊಂದು ಚುಕ್ಕಿ ಇರುತ್ತದೆ. ಎಲ್ಲ ಹಸಿರಾಗಿ, ಹಿಂತಲೆಯ ಒಂದು ಚುಕ್ಕಿ ಮಾತ್ರ ಕೆಂಪಾಗಿ 28 ಅಂತ ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ಅಂದರೆ 28 ಕಿಲೋಓಮ್. ಟೆಕ್ನಿಷಿಯನ್ ಆ ಬಟ್ಟಲು ಎತ್ತಿ, ಅಡಿಯಲ್ಲಿ ಸಿಕ್ಕಿಕೊಂಡ ಕೂದಲು ಸರಿಸಿ, ಇನ್ನೊಂದು ಸಲ ಮೆತ್ತಗೆ ಉಜ್ಜಿ, ಹೊಸ ಪೇಸ್ಟ್ ಹಾಕಿ ಒತ್ತಿದರೆ ಅಂಕೆ 28ರಿಂದ 11ಕ್ಕೆ, 11ರಿಂದ 4ಕ್ಕೆ ಇಳಿಯುತ್ತದೆ. ‘ಐದರ ಕೆಳಗೆ ಬಂತಾ?’ ಅಂತ ಕೇಳಿದರೆ ಕೋಣೆಯಲ್ಲಿರುವ ಎಲ್ಲರಿಗೂ ಅರ್ಥವಾಗುತ್ತದೆ. ಹಳೆಯ ನಿಯಮ 5 ಕಿಲೋಓಮ್ ಒಳಗೆ ಅಂತ. ಈಗಿನ, ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್‌ಗಳು ಚೆನ್ನಾಗಿರುವುದರಿಂದ 10ರವರೆಗೂ ಒಪ್ಪುತ್ತಾರೆ. ಆದರೆ ಒಂದು ಕಡೆ 2, ಇನ್ನೊಂದು ಕಡೆ 20 ಇದ್ದರೆ ಗೋಡೆಯ ಪ್ಲಗ್ಗಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುವ) ಕರೆಂಟಿನ ಗದ್ದಲ ಆ ಎಲೆಕ್ಟ್ರೋಡುಗಳಿಂದ ಬರುವ ಇಇಜಿ ಗೆರೆಗಳ ಮೇಲೆ ಸವಾರಿ ಮಾಡುತ್ತದೆ. ಹಾಗಾಗಿ ಅಂಕೆ ಕಡಿಮೆ ಇದ್ದರೆ ಸಾಲದು, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು.

ಈಗ ಪದಗಳಿಗೆ ಬರೋಣ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ರೆಸಿಸ್ಟೆನ್ಸ್‌ಗೆ ‘ರೋಧ’ ಅಂತಿದೆ. ಹತ್ತನೇ ತರಗತಿ ಓದಿದವರಿಗೆಲ್ಲ ಗೊತ್ತು. ಇಂಪಿಡೆನ್ಸ್‌ಗೂ ‘ರೋಧ’ ಅಂದುಬಿಟ್ಟರೆ ಏನು ಕಷ್ಟ? ಕಷ್ಟ ಇದೆ, ಅದೂ ಕೆಲಸದಲ್ಲೇ ಕಾಣುವ ಕಷ್ಟ. ರೋಧ ಅಂದರೆ ಕರೆಂಟು ಒಂದೇ ದಿಕ್ಕಿಗೆ ಹರಿದರೂ ಹಿಂದೆ ಮುಂದೆ ಹೋದರೂ ಒಂದೇ ತೆರನಾಗಿ ಎದುರಾಗುವುದು. ಚರ್ಮದ ಆ ಸತ್ತ ಪದರ ರೋಧಕದ ಹಾಗೂ ಇರುತ್ತದೆ, ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಹಾಗೂ ಇರುತ್ತದೆ. ಅದರಿಂದ ಹಿಂದೆ ಮುಂದೆ ಹೋಗುವ ಕರೆಂಟಿಗೆ ಅದು ಒಡ್ಡುವ ತಡೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಹರ್ಟ್ಸ್ ಜಾಸ್ತಿಯಾದಂತೆ ತಡೆ ಕಡಿಮೆ. ಅದಕ್ಕೇ ಮಿಷನ್ನು ಹತ್ತರಿಂದ ಮೂವತ್ತು ಹರ್ಟ್ಸ್ ಆಸುಪಾಸಿನ, ಮೈಗೆ ತಿಳಿಯದಷ್ಟು ಸಣ್ಣ ಕರೆಂಟು ಬಿಟ್ಟು ಅಳೆಯುತ್ತದೆ. ಇಇಜಿಯ ಅಲೆಗಳು ಓಡುವುದೂ ಅದೇ ಸುತ್ತಿನಲ್ಲಿ. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮಲ್ಟಿಮೀಟರ್ ಹಿಡಿದು ಇದನ್ನು ಅಳೆಯಬಾರದು. ಅದು ಒಂದೇ ದಿಕ್ಕಿನ ಕರೆಂಟು ಬಿಡುತ್ತದೆ, ಎಲೆಕ್ಟ್ರೋಡ್ ಕೆಡುತ್ತದೆ, ಅಂಕೆಯೂ ಸುಳ್ಳಾಗುತ್ತದೆ. ‘ರೋಧ ಅಳೆಯಿರಿ’ ಅಂತ ಕೈಪಿಡಿಯಲ್ಲಿ ಬರೆದರೆ ಐಟಿಐ ಓದಿ ಬಂದ ಹುಡುಗ ಮೊದಲು ಹುಡುಕುವುದು ಮಲ್ಟಿಮೀಟರನ್ನೇ. ಅವನದು ತಪ್ಪಲ್ಲ, ಪದ ಹಾಗಿದೆ.

‘ಪ್ರತಿರೋಧ’ ಅಂತ ಕೆಲವರು ಬರೆಯುತ್ತಾರೆ. ಆಸ್ಪತ್ರೆಯ ಒಳಗೆ ಈ ಪದ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ರೋಗ ನಿರೋಧಕ ಶಕ್ತಿ, ರೋಗ ಪ್ರತಿರೋಧ ಅಂತ ಕೋವಿಡ್ ಕಾಲದಲ್ಲಿ ಪ್ರತಿಯೊಬ್ಬರ ಬಾಯಲ್ಲೂ ಬಂದ ಮಾತು. ‘ನಿಮ್ಮ ಚರ್ಮದ ಪ್ರತಿರೋಧ ಕಡಿಮೆ ಮಾಡುತ್ತೇವೆ’ ಅಂದರೆ ಯಾವ ತಾಯಿ ಮಗುವಿನ ತಲೆ ಮುಟ್ಟಲು ಬಿಡುತ್ತಾಳೆ? ‘ಅಡಚಣೆ’ ಅಂದರೆ ಕೆಟ್ಟದ್ದು ಅಂತ ಆಗುತ್ತದೆ. ಇಲ್ಲಿ ಅದು ಒಂದು ಅಳತೆ. ತೀರಾ ಕಡಿಮೆ ಬಂದರೂ ಅನುಮಾನಿಸಬೇಕು. ನೂರು ಓಮ್‌ಗಿಂತ ಕೆಳಗೆ ತೋರಿಸಿದರೆ ಪಕ್ಕಪಕ್ಕದ ಎರಡು ಬಟ್ಟಲಿನ ಪೇಸ್ಟ್ ಹರಡಿ ಕೂಡಿಕೊಂಡಿರಬಹುದು, ಆಗ ಆ ಎರಡರ ನಡುವಿನ ಗೆರೆ ಮಲಗಿಬಿಡುತ್ತದೆ. ‘ಅಡಚಣೆ ತೀರಾ ಕಡಿಮೆ ಇದೆ, ಸರಿಪಡಿಸಿ’ ಅನ್ನುವ ವಾಕ್ಯ ಕಿವಿಗೆ ಹೊಂದುವುದಿಲ್ಲ, ಅಲ್ವಾ? ‘ತಡೆ ತೀರಾ ಕಡಿಮೆ ಇದೆ’ ಅಂದರೆ ಹೊಂದುತ್ತದೆ.

ಹಾಗಾಗಿ ಕೈಪಿಡಿಗೆ ನನ್ನ ಒಲವು ‘ತಡೆ’ ಕಡೆಗೆ. ಚಿಕ್ಕ ಪದ, ಏರಿತು ಇಳಿಯಿತು ಅಂತ ಹೇಳಬಹುದು, ‘ಚರ್ಮದ ತಡೆ’, ‘ತಡೆ ನೋಡು’ ಅಂತ ಸಲೀಸಾಗಿ ಕೂಡುತ್ತದೆ. ರೆಸಿಸ್ಟೆನ್ಸ್‌ಗೆ ರೋಧ, ಇಂಪಿಡೆನ್ಸ್‌ಗೆ ತಡೆ ಅಂತ ಬೇರೆ ಬೇರೆ ಇಟ್ಟುಕೊಂಡರೆ ಮಲ್ಟಿಮೀಟರ್ ಗೊಂದಲವೂ ಇರುವುದಿಲ್ಲ. ಇಂಪಿಡೆನ್ಸ್ ಅನ್ನುವ ಪದವನ್ನು 1886ರಲ್ಲಿ ಕಟ್ಟಿದವರು ಆಲಿವರ್ ಹೆವಿಸೈಡ್. ಅದರ ಲ್ಯಾಟಿನ್ ಬೇರಿನ ಅರ್ಥ ಕಾಲಿಗೆ ಸಿಕ್ಕಿಹಾಕಿಕೊಳ್ಳುವುದು, ಕಾಲು ಕಟ್ಟುವುದು. ನಮ್ಮ ‘ತೊಡರು’ ಇದಕ್ಕೆ ತುಂಬಾ ಹತ್ತಿರ. ಆದರೆ ‘ತೊಡರು ನಾಲ್ಕು ಕಿಲೋಓಮ್’ ಅಂತ ಯಾರೂ ಬಾಯಿಬಿಟ್ಟು ಅನ್ನಲಾರರು ಅಂತ ಬಿಟ್ಟಿದ್ದೇನೆ.

ಪರೀಕ್ಷೆಗೆ ಬರುವವರ ಹಾಳೆಯಲ್ಲಿ ಮಾತ್ರ ‘ತಡೆ’ಯೂ ಬೇಡ. ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ಇಇಜಿಗೆ ಬರುವವರಲ್ಲಿ ಮೂರ್ಛೆ ಬರುವವರು, ಅಂದರೆ ಫಿಟ್ಸ್ ಇರುವವರು ಜಾಸ್ತಿ. ಬೆಂಗಳೂರು, ಹಳೇ ಮೈಸೂರಿನ ಕಡೆ ‘ತಡೆ ಒಡೆಸುವುದು’ ಅಂತ ಒಂದು ಪದ್ಧತಿ ಇದೆ. ಮಾಟ, ದೃಷ್ಟಿ, ಕೆಲಸಕ್ಕೆ ಬಂದ ವಿಘ್ನ ತೆಗೆಸಲು ದೇವಸ್ಥಾನಕ್ಕೆ ಹೋಗಿ ತಡೆ ಒಡೆಸಿಕೊಂಡು ಬರುತ್ತಾರೆ. ಫಿಟ್ಸ್ ಬಂದವರನ್ನು ಎಷ್ಟೋ ಮನೆಗಳಲ್ಲಿ ಮೊದಲು ಕರೆದುಕೊಂಡು ಹೋಗುವುದೂ ಅಂಥ ಕಡೆಗೇ. ಅಲ್ಲಿಂದ ಆಸ್ಪತ್ರೆಗೆ ಬಂದ ಮೇಲೆ ನಾವೂ ‘ನಿಮ್ಮ ಮಗಳ ತಲೆಯಲ್ಲಿ ತಡೆ ಜಾಸ್ತಿ ಇದೆ’ ಅಂದರೆ? ಆ ಮನೆಯವರು ಅದನ್ನು ಯಾವ ಅರ್ಥದಲ್ಲಿ ಹೊತ್ತು ಮನೆಗೆ ಹೋಗುತ್ತಾರೆ ಅಂತ ಯೋಚಿಸಿ. ಒಂದು ಮಗುವಿನ ಮೇಲೆ ಆ ಮಾತು ವರ್ಷಗಟ್ಟಲೆ ಕೂರಬಹುದು.

‘ಎಲೆಕ್ಟ್ರೋಡ್’ಗೆ ‘ವಿದ್ಯುದ್ವಾರ’ ಅಂತ ಬರೆಯುವುದುಂಟು. ಅದನ್ನೂ ಈ ಹಾಳೆಯಲ್ಲಿ ಹಾಕುವುದಿಲ್ಲ. ಇಇಜಿಗೆ ಬಂದವರ ಮೊದಲ ಪ್ರಶ್ನೆಯೇ ‘ತಲೆಗೆ ಕರೆಂಟ್ ಕೊಡ್ತೀರಾ?’ ಅಂತ. ತಲೆಯ ಮೇಲೆ ವಿದ್ಯುತ್ತಿನ ಬಾಗಿಲು ಅಂಟಿಸುತ್ತೇವೆ ಅಂದರೆ ಹೆದರಿಕೆ ಇಮ್ಮಡಿ. ‘ವೈರ್ ಅಂಟಿಸುತ್ತೇವೆ’ ಅಂದರೆ ಸಾಕು. ನಾನು ಹಾಳೆಗೆ ಬರೆದಿರುವುದು ಹೀಗಿದೆ:

‘ತಲೆಯ ಮೇಲೆ ಅಲ್ಲಲ್ಲಿ ಚರ್ಮವನ್ನು ಮೆತ್ತಗೆ ಉಜ್ಜಿ, ಪೇಸ್ಟ್ ಹಾಕಿ ಸಣ್ಣ ವೈರ್‌ಗಳನ್ನು ಅಂಟಿಸುತ್ತೇವೆ. ಅವು ಚರ್ಮಕ್ಕೆ ಸರಿಯಾಗಿ ಅಂಟಿವೆಯಾ ಅಂತ ಮಿಷನ್ನಿನಲ್ಲಿ ನೋಡುತ್ತೇವೆ. ಇದು ನಿಮಗೆ ಗೊತ್ತಾಗುವುದಿಲ್ಲ, ನೋವೂ ಇಲ್ಲ. ಸರಿಯಾಗಿ ಅಂಟದಿದ್ದರೆ ಅದೊಂದನ್ನು ಮತ್ತೆ ಅಂಟಿಸುತ್ತೇವೆ. ನಿಮ್ಮ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ.’

ಕೊನೆಯ ವಾಕ್ಯ ಬೇಕೇ ಬೇಕು. ಚುಕ್ಕಿ ಕೆಂಪಾದದ್ದು ಕಂಡರೆ ‘ಅಲ್ಲೇ ಏನೋ ತೊಂದರೆ ಇರಬೇಕು’ ಅಂದುಕೊಳ್ಳುವವರು ಇದ್ದಾರೆ. ‘ಮಿಷನ್ನಿನಲ್ಲಿ ನೋಡುತ್ತೇವೆ’ ಅನ್ನುವ ಕಡೆ ಒಂದು ಹೆಸರು ಬೇಕಾದರೆ ‘ಅಂಟು ಪರೀಕ್ಷೆ’ ಅಥವಾ ‘ಸಂಪರ್ಕ ಪರೀಕ್ಷೆ’ ಅನ್ನಬಹುದು. ಸಂಪರ್ಕ ಅಂದರೆ ಈಗ ಫೋನ್ ನಂಬರ್ ನೆನಪಾಗುತ್ತದೆ, ಅಂಟು ಅಂದರೆ ಅಂಟುರೋಗ ನೆನಪಾದೀತು. ಯಾವುದು ಮೇಲು?

ಇನ್ನೊಂದು ಕಡೆಯ ಪ್ರಶ್ನೆ, ಕರೆಂಟನ್ನು ನಿಜವಾಗಿಯೂ ಮೈಗೆ ಕೊಡುವ ಚಿಕಿತ್ಸೆಗಳದ್ದು. ಟಿಡಿಸಿಎಸ್‌ನಲ್ಲಿ (ತಲೆಗೆ ಹೊರಗಿನಿಂದ ಸಣ್ಣ ಕರೆಂಟು ಕೊಡುವ ಚಿಕಿತ್ಸೆ) ಉಪ್ಪುನೀರಿನ ಸ್ಪಂಜ್ ಇಟ್ಟು ತಲೆಗೆ 2 ಮಿಲಿಆಂಪಿಯರ್ ಬಿಡುತ್ತಾರೆ. ಮಿಷನ್ನು ಕರೆಂಟನ್ನು ಅಷ್ಟಕ್ಕೇ ಹಿಡಿದಿಡುತ್ತದೆ. ತಡೆ 5 ಕಿಲೋಓಮ್ ಇದ್ದರೆ ಅದಕ್ಕೆ 10 ವೋಲ್ಟ್ ಸಾಕು, 20 ಆದರೆ 40 ವೋಲ್ಟ್ ಬೇಕು. ಸ್ಪಂಜಿನ ಒಂದು ಅಂಚು ಒಣಗಿದರೆ ಕರೆಂಟೆಲ್ಲ ಹಸಿಯಿರುವ ಕಡೆಯಿಂದಲೇ ನುಗ್ಗಿ ಚರ್ಮ ಉರಿಯುತ್ತದೆ, ಸುಡಲೂಬಹುದು. ಇಲ್ಲಿ ತಡೆ ನೋಡುವುದು ಚರ್ಮ ಉಳಿಸುವುದಕ್ಕೆ. ಇಸಿಟಿಯಲ್ಲಿ (ತಲೆಗೆ ಕರೆಂಟು ಕೊಟ್ಟು ಫಿಟ್ಸ್ ಬರಿಸುವ ಮನೋರೋಗ ಚಿಕಿತ್ಸೆ) ಎರಡು ತಡೆ ಇವೆ: ಕೊಡುವ ಮೊದಲು ಸಣ್ಣ ಕರೆಂಟಿನಲ್ಲಿ ನೋಡುವುದು ಒಂದು, ಚಿಕಿತ್ಸೆಯ ಕರೆಂಟು ಹರಿಯುವಾಗ ಇರುವುದು ಇನ್ನೊಂದು. ಮೊದಲನೆಯದು ಸಾವಿರ ಓಮ್ ದಾಟಿದರೂ ಎರಡನೆಯದು ಕೆಲವು ನೂರು ಓಮ್‌ಗೆ ಇಳಿದಿರುತ್ತದೆ. ಇವಕ್ಕೆ ‘ಮುಂಚಿನ ತಡೆ’, ‘ಹರಿವಿನ ತಡೆ’ ಅಂದರೆ ಹೇಗೆ? ‘ಸ್ಥಿರ’, ‘ಚಲ’ ಅಂತ ಹಾಕಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಅಳತೆಯ ಹೆಸರು ‘ಓಮ್’ ಅಂತಲೇ ಇರಲಿ, ‘ಓಂ’ ಅಂತ ಬರೆಯಬೇಡಿ ಅಂತ ಡಿಟಿಪಿಯವರಿಗೆ ಹೇಳಿದ್ದೇನೆ. ಸೊನ್ನೆ ಹಾಕಿದರೆ ಓದುವವರ ಕಣ್ಣು ಮಂತ್ರದ ಕಡೆ ಹೋಗುತ್ತದೆ. ಕಿಲೋಓಮ್ ಬದಲು ಮಾತಿನಲ್ಲಿ ಬರುವ ‘ಐದು ಕೆ’ಯನ್ನು ಕೈಪಿಡಿಯಲ್ಲಿ ಹಾಗೇ ಬಿಡಬಹುದಾ?

ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಮುಖ್ಯವಾಗಿ ಎರಡು ವಿಷಯ ಹೇಳಿ. ‘ತಡೆ ಒಡೆಸುವುದು’ ನಿಮ್ಮ ಕಡೆಯೂ ಇದೆಯಾ, ಅಲ್ಲಿ ‘ತಡೆ’ ಅಂದರೆ ಏನು ಅರ್ಥ ಬರುತ್ತದೆ? ಮತ್ತೆ, ಚರ್ಮ ‘ಉಜ್ಜುತ್ತೇವೆ’ ಅನ್ನುವುದು ಸರಿಯಾ, ‘ತಿಕ್ಕುತ್ತೇವೆ’ ಅನ್ನಬೇಕಾ? ರಕ್ತ ಬರುವಷ್ಟು ಒತ್ತಬಾರದು, ಸೋಂಕು ತಗಲುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ಮೆತ್ತಗೆ ಕೇಳುತ್ತದೋ ಅದನ್ನೇ ಹಾಳೆಗೆ ಹಾಕುತ್ತೇನೆ.