ಅಂಗಡಿಯಿಂದ ತಂದ ಮೀನಿಗೆ ಕಾಯಿಲೆಯೇ? ತಜ್ಞರನ್ನು ಕೇಳಿ

ನಿರ್ವಾಹಕರು: ಹೊಸದಾಗಿ ತಂದ ಮೀನಿನಲ್ಲಿ ಕಾಯಿಲೆಯ ಲಕ್ಷಣ ಕಂಡವರು ಇಲ್ಲಿ ಕೇಳಬಹುದು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಅಲಂಕಾರಿಕ ಮೀನುಗಳ ರೋಗಗಳನ್ನೇ ನೋಡುತ್ತಿರುವ ತಜ್ಞರು ಸಂಜೆ ಬಿಡುವಾದಾಗ ಉತ್ತರಿಸುತ್ತಾರೆ. ತೊಟ್ಟಿ ಎಷ್ಟು ಲೀಟರಿನದು, ನೀರು ಎಲ್ಲಿಯದು, ಮೀನು ತಂದು ಎಷ್ಟು ದಿನವಾಯಿತು ಎಂಬುದನ್ನು ತಪ್ಪದೆ ಬರೆಯಿರಿ.

ಸದಸ್ಯ, ತುಮಕೂರು: ಸರ್, 60 ಲೀಟರಿನ ತೊಟ್ಟಿ, ಕೊಳವೆಬಾವಿ ನೀರು. ಭಾನುವಾರ ನಾಲ್ಕು ಕಪ್ಪು ಮೋಲಿ ತಂದೆ, ತೊಟ್ಟಿಯಲ್ಲಿ ಬೇರೆ ಮೀನಿಲ್ಲ. ಇಂದು ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಕಲ್ಲಿಗೆ ಮೈ ಉಜ್ಜುತ್ತಿವೆ. ಒಂದು ಚಮಚ ಅರಿಶಿನ ಹಾಕಿದರೆ ವಾಸಿಯಾಗುತ್ತದೆ ಎಂಬ ಸಂದೇಶ ಬಂದಿದೆ. ಹಾಕಲೇ?

ತಜ್ಞರು: ಹಾಕಬೇಡಿ. ಅರಿಶಿನದ ಪುಡಿ ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ, ಅಷ್ಟೇ.

ನಿಮ್ಮದು ಬಿಳಿಚುಕ್ಕೆ ರೋಗ. ಚುಕ್ಕೆಯೊಳಗಿನ ಪರಾವಲಂಬಿ ಚರ್ಮದ ಅಡಿಯಲ್ಲಿರುವುದರಿಂದ ನೀರಿಗೆ ಹಾಕುವ ಔಷಧ ಅದಕ್ಕೆ ತಾಗುವುದಿಲ್ಲ. ಅದು ಬೆಳೆದು ಉದುರುತ್ತದೆ, ತಳದ ಜಲ್ಲಿಯಲ್ಲಿ ಕೋಶ ಕಟ್ಟಿಕೊಳ್ಳುತ್ತದೆ, ಒಂದು ನೂರಾರಾಗಿ ಒಡೆದು ಮರಿಗಳು ನೀರಿಗೆ ಬರುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಆ ಮರಿಗಳು ಸಾಯುತ್ತವೆ. ಔಷಧಕ್ಕೆ ಸಿಗುವುದು ಈ ಈಜುವ ಮರಿಗಳು ಮಾತ್ರ. ಮೂರನೇ ದಿನ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದವರ ತೊಟ್ಟಿಯಲ್ಲಿ ಮುಂದಿನ ವಾರ ಇಮ್ಮಡಿ ಚುಕ್ಕೆ ಏಳುವುದು ಇದರಿಂದಲೇ.

ಹೀಟರನ್ನು ನಿಧಾನವಾಗಿ, ಒಂದೆರಡು ದಿನದಲ್ಲಿ, 30 ಡಿಗ್ರಿಗೆ ಏರಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಗಾಳಿಯ ಪಂಪು ಹಗಲಿರುಳು ಓಡಲಿ. ಮೋಲಿಗಳು ಉಪ್ಪು ತಡೆಯುತ್ತವೆ: ಲೀಟರಿಗೆ 2ರಿಂದ 3 ಗ್ರಾಂ, ಒಂದೇ ಸಲಕ್ಕಲ್ಲ, ಎರಡು ದಿನದಲ್ಲಿ ಹಂಚಿ ಹಾಕಿ. ನೀರು ಬದಲಿಸಿದಾಗ ತೆಗೆದ ನೀರಿನ ಪಾಲಿನ ಉಪ್ಪನ್ನಷ್ಟೇ ಮತ್ತೆ ಹಾಕಬೇಕು. ಎರಡು ವಾರ ಬಿಡದೆ ನಡೆಸಿ.

ಸದಸ್ಯೆ, ದಾವಣಗೆರೆ: ನಮ್ಮ ಗಪ್ಪಿಗಳಿಗೂ ಬಿಳಿ ಚುಕ್ಕೆ ಬಂದಿದೆ ಸರ್. ಏನು ಮಾಡಬೇಕು?

ತಜ್ಞರು: ಮೇಲೆ ಬರೆದಿದ್ದೇನೆ.

ಸದಸ್ಯ, ಮೈಸೂರು: ತೊಟ್ಟಿ, ಆರು ಗೋಲ್ಡ್‌ಫಿಶ್ ಎರಡನ್ನೂ ಒಂದೇ ದಿನ ತಂದೆವು. ನಲ್ಲಿ ನೀರು, ಎರಡು ದಿನ ಹಿಡಿದಿಟ್ಟದ್ದು. ಐದನೇ ದಿನಕ್ಕೆ ಎರಡು ಸತ್ತವು, ಉಳಿದವು ಮೇಲೆ ಬಂದು ಬಾಯಿ ಬಡಿಯುತ್ತಿವೆ. ನೀರಂತೂ ತಿಳಿಯಾಗಿದೆ. ಯಾವ ಔಷಧ?

ತಜ್ಞರು: ಔಷಧ ಬೇಡ, ನೀರು ಬದಲಿಸಿ. ಈಗಲೇ ಅರ್ಧ, ನಾಳೆ ಮತ್ತೆ ಅರ್ಧ, ಕ್ಲೋರಿನ್ ತೆಗೆದ ನೀರು. ಎರಡು ದಿನ ಆಹಾರ ನಿಲ್ಲಿಸಿ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷ ಅಮೋನಿಯಾ, ಅದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪರೀಕ್ಷಾ ಕಿಟ್ ತಂದು ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್ ಎರಡನ್ನೂ ಅಳೆದು ಸಂಖ್ಯೆ ಬರೆಯಿರಿ.

ಸದಸ್ಯ, ಬೆಳಗಾವಿ: ಇಷ್ಟೆಲ್ಲ ಯಾಕೆ? ಒಂದು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ಸುರಿದರೆ ಎಲ್ಲ ರೋಗ ಹೋಗುತ್ತದೆ. ಹತ್ತು ಗುಂಪುಗಳಲ್ಲಿ ಬಂದಿದೆ.

ತಜ್ಞರು: ಹತ್ತು ಗುಂಪುಗಳಲ್ಲಿ ಬಂದರೂ ತಪ್ಪು ತಪ್ಪೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಟೆಟ್ರಾಸೈಕ್ಲಿನನ್ನು ಹಿಡಿದುಕೊಂಡು ನಿಷ್ಫಲ ಮಾಡುತ್ತವೆ. ನಮ್ಮ ಕೊಳವೆಬಾವಿಗಳ ನೀರು ಬಹುಪಾಲು ಗಡಸೇ. ಬಿಳಿಚುಕ್ಕೆ ಬ್ಯಾಕ್ಟೀರಿಯಾದಿಂದ ಬರುವುದೂ ಅಲ್ಲ. ದಯವಿಟ್ಟು ಇಂಥವನ್ನು ಇಲ್ಲಿಗೆ ದಾಟಿಸಬೇಡಿ.

ಸದಸ್ಯ, ಬೆಂಗಳೂರು: ಮೂಲ ಕಾರಣ ಅಂಗಡಿಯವರು. ಕಾಯಿಲೆ ಮೀನೆಂದು ಗೊತ್ತಿದ್ದೇ ಮಾರುತ್ತಾರೆ.

ಸದಸ್ಯ, ಹುಬ್ಬಳ್ಳಿ: ಅಂಗಡಿ ಇಟ್ಟವನಾಗಿ ಹೇಳುತ್ತೇನೆ. ಚೆನ್ನೈನ ಕೊಳತ್ತೂರಿನಿಂದ, ಕೋಲ್ಕತ್ತದಿಂದ ಮೀನು ಚೀಲದಲ್ಲಿ ಕುಳಿತು ಬರುತ್ತದೆ. ಬಂದ ದಿನವೇ ಕೊಡಿ ಎಂದು ಪೀಡಿಸುವವರು ಗಿರಾಕಿಗಳು. ವಾರ ಇಟ್ಟುಕೊಂಡು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ.

ಸದಸ್ಯ, ಬೆಂಗಳೂರು: ಹಾಗಾದರೆ ತಪ್ಪು ನಮ್ಮದೇ? ನಿಮ್ಮಂಥವರಿಂದಲೇ ಈ ಹವ್ಯಾಸ ಹಾಳಾದದ್ದು.

ಸದಸ್ಯ, ಹುಬ್ಬಳ್ಳಿ: ಮಾತು ಹಿಡಿತದಲ್ಲಿರಲಿ.

ಸದಸ್ಯ, ಕೋಲಾರ: ನನ್ನ ಫೈಟರ್ ಮೀನು ಒಂದೇ ಮಗ್ಗುಲಿಗೆ ವಾಲುತ್ತಿದೆ. ಯಾರಾದರೂ ಹೇಳಿ.

ತಜ್ಞರು: ಅಂಗಡಿಯ ಜಗಳ ನಿಲ್ಲಿಸಿ. ಯಾರಿಂದ ತಂದರೂ ಹೊಸ ಮೀನನ್ನು ಬೇರೆ ಟಬ್ಬಿನಲ್ಲಿ ನಾಲ್ಕು ವಾರ ಇಡಿ. 30 ಲೀಟರಿನ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಾಂಜ್ ಫಿಲ್ಟರ್ ಸಾಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಸದಸ್ಯೆ, ಶಿವಮೊಗ್ಗ: ಸರ್, ಮೂರು ತಿಂಗಳ ಹಿಂದೆ ತಂದ ಗೌರಾಮಿಗಳು. ತಿನ್ನುತ್ತವೆ, ಆದರೂ ಹೊಟ್ಟೆ ಒಳಗೆ ಸೇರಿದೆ. ಒಂದರ ಬೆನ್ನು ಬಾಗಿದೆ, ಇನ್ನೊಂದರ ಪಕ್ಕೆಯಲ್ಲಿ ಹುಣ್ಣು. ತಿಂಗಳಿಗೊಂದರಂತೆ ಸಾಯುತ್ತಿವೆ. ಅಂದಹಾಗೆ, ಕಲ್ಲು ತೊಳೆಯುವಾಗ ಬೆರಳು ತರಚಿತ್ತು, ಅಲ್ಲಿ ನೇರಳೆ ಬಣ್ಣದ ಗಂಟೊಂದು ಎದ್ದು ಆರು ವಾರವಾದರೂ ಮಾಗಿಲ್ಲ. ಸುಣ್ಣ ಹಚ್ಚಿ ಎಂದು ಚಿಕ್ಕಪ್ಪ ಹೇಳಿದರು. ಸದ್ಯ ಔಷಧದಂಗಡಿಯ ಮುಲಾಮು ಹಚ್ಚುತ್ತಿದ್ದೇನೆ.

ತಜ್ಞರು: ಮೇಡಂ, ಮೀನಿನ ಮಾತು ಆಮೇಲೆ. ಸುಣ್ಣವನ್ನು ಮುಟ್ಟಬೇಡಿ. ಮುಲಾಮಿನಲ್ಲಿ ಸ್ಟಿರಾಯ್ಡ್ ಇದ್ದರೆ ಸೋಂಕು ಹೆಚ್ಚಬಹುದು, ಹಚ್ಚುವುದನ್ನು ನಿಲ್ಲಿಸಿ ಟ್ಯೂಬನ್ನು ವೈದ್ಯರಿಗೆ ತೋರಿಸಿ. ಎರಡು ದಿನದೊಳಗೆ ಚರ್ಮರೋಗ ವೈದ್ಯರ ಬಳಿ ಹೋಗಿ.

ಮೀನು ಸೊರಗುವುದಕ್ಕೆ ಜಂತುಹುಳುವೂ ಕಾರಣವಿರಬಹುದು. ಆದರೆ ಸೊರಗು, ಬಾಗಿದ ಬೆನ್ನು, ಹುಣ್ಣು, ಒಂದೊಂದಾಗಿ ಸಾವು, ಇವೆಲ್ಲ ಸೇರಿದಾಗ ನನಗೆ ಮೊದಲು ಬರುವ ಅನುಮಾನ ಮೀನಿನ ಕ್ಷಯ. ಇದಕ್ಕೆ ಕಾರಣವಾಗುವ ಮೈಕೋಬ್ಯಾಕ್ಟೀರಿಯಂ ಮರೈನಮ್ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಸೇರುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ, ಕೆಲವೊಮ್ಮೆ ತಿಂಗಳುಗಳ ಮೇಲೆ, ಗಂಟು ಕಾಣುತ್ತದೆ. ಬಿಟ್ಟರೆ ಕೈಯುದ್ದಕ್ಕೂ ಸಾಲಾಗಿ ಏಳಬಹುದು, ಕೀಲಿಗೂ ಇಳಿಯಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಚಿಕಿತ್ಸೆ ಇದೆ. ಆದರೆ ತಿಂಗಳುಗಟ್ಟಲೆ ಬೇಕು, ವಾರದ ಮಾತ್ರೆಯಿಂದ ಹೋಗುವುದಲ್ಲ.

ವೈದ್ಯರಿಗೆ ಮೊದಲ ಮಾತಿನಲ್ಲೇ ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ಹೇಳಿ. ಈ ಬ್ಯಾಕ್ಟೀರಿಯಾ 30 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಯುತ್ತದೆ, ಪ್ರಯೋಗಾಲಯದ ವಾಡಿಕೆಯ 37 ಡಿಗ್ರಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಹೇಳದಿದ್ದರೆ ವರದಿಯಲ್ಲಿ ಏನೂ ಇಲ್ಲವೆಂದು ಬರುವ ಸಾಧ್ಯತೆ ಇದೆ. ಮನೆಯಲ್ಲಿ ಮಧುಮೇಹದವರೋ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರೋ ಇದ್ದರೆ ಅವರು ತೊಟ್ಟಿಗೆ ಕೈ ಹಾಕದಿರಲಿ.

ಇನ್ನು ತೊಟ್ಟಿ. ಉದ್ದ ಕೈಗವಸಿಲ್ಲದೆ ಮುಟ್ಟಬೇಡಿ. ಬಾಯಿಯಿಂದ ಪೈಪು ಎಳೆದು ನೀರು ತೆಗೆಯಬೇಡಿ. ಅಡುಗೆಮನೆಯ ಸಿಂಕಿನಲ್ಲಿ ಏನನ್ನೂ ತೊಳೆಯಬೇಡಿ. ಮೀನನ್ನು ಯಾರಿಗೂ ಕೊಡಬೇಡಿ, ಕೆರೆಗೆ ಬಿಡಬೇಡಿ. ಮುಂದಿನ ಮೀನು ಸತ್ತ ಕೂಡಲೇ ಚೀಲಕ್ಕೆ ಹಾಕಿ ಮಂಜುಗಡ್ಡೆಯ ಮೇಲಿಡಿ, ಫ್ರೀಜರಿಗೆ ಬೇಡ. ಅಂಗಾಂಗ ಪರೀಕ್ಷಿಸದೆ ಕ್ಷಯವೆಂದು ಖಚಿತವಾಗಿ ಹೇಳಲಾಗದು. ಎಲ್ಲಿಗೆ ಕಳಿಸಬೇಕೆಂದು ಖಾಸಗಿಯಾಗಿ ಬರೆಯುತ್ತೇನೆ.

ಸದಸ್ಯ, ಬೆಳಗಾವಿ: ಹೆದರಿಸುವುದೇ ಆಯಿತು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಮೀನಿದೆ, ಯಾರಿಗೂ ಏನೂ ಆಗಿಲ್ಲ.

ತಜ್ಞರು: ನಿಮ್ಮ ಮನೆಯಲ್ಲಿ ಆಗಲಿಲ್ಲ ಎಂಬುದು ಅವರ ಬೆರಳಿನ ಗಂಟಿಗೆ ಉತ್ತರವಲ್ಲ.

ಸದಸ್ಯೆ, ಉಡುಪಿ: ಅಯೋಡಿನ್ ಉಪ್ಪು ಹಾಕಿದರೆ ಮೀನು ಸಾಯುತ್ತದೆ, ಕಲ್ಲುಪ್ಪೇ ಆಗಬೇಕು.

ಸದಸ್ಯ, ತುಮಕೂರು: ನಾನು ಪುಡಿ ಉಪ್ಪು ಹಾಕಿಬಿಟ್ಟೆನಲ್ಲ!

ಸದಸ್ಯ, ಹುಬ್ಬಳ್ಳಿ: ಏನೂ ಆಗುವುದಿಲ್ಲ. ಅಂಗಡಿಯಲ್ಲಿ ನಾನೂ ಅದನ್ನೇ ಬಳಸುವುದು.

ಸದಸ್ಯೆ, ಉಡುಪಿ: ಅಂಗಡಿಯವರ ಮಾತು ನಂಬುವ ಕಾಲ ಹೋಯಿತು.

ತಜ್ಞರು: ಉಪ್ಪಿನಲ್ಲಿರುವಷ್ಟು ಅಯೋಡಿನ್ ಮೀನನ್ನು ಕೊಲ್ಲುವುದಿಲ್ಲ. ಎರಡೂ ಆಗುತ್ತದೆ. ತೂಕ ಮಾಡಿ ಹಾಕಿ, ಚಮಚದ ಲೆಕ್ಕ ಬೇಡ.

ಸದಸ್ಯ, ರಾಯಚೂರು: ಬಿಳಿ ಚುಕ್ಕೆಗೆ ಅರಿಶಿನ ಒಳ್ಳೆಯದಂತೆ, ಹೌದೇ ಸರ್?

ತಜ್ಞರು: ಮೊದಲ ಉತ್ತರ ಓದಿ. ಓದದೆ ಕೇಳುವವರಿಗೆ ಇನ್ನು ಉತ್ತರಿಸುವುದಿಲ್ಲ. ಮೈಸೂರಿನವರೇ, ಅಮೋನಿಯಾ ಎಷ್ಟಿದೆ?

ಸದಸ್ಯ, ಮೈಸೂರು: ಕಿಟ್ ದುಬಾರಿ ಎನಿಸಿತು ಸರ್, ತರಲಿಲ್ಲ. ನೀರು ಬದಲಿಸಿದ ಮೇಲೆ ಎರಡು ಮೀನು ಚುರುಕಾಗಿವೆ. ಇನ್ನೆರಡು ಸತ್ತವು.

ತಜ್ಞರು: ನಾಳೆಯೂ ಬದಲಿಸಿ. ಕಿಟ್ ಬರುವವರೆಗೆ ಹೊಸ ಮೀನು ತರಬೇಡಿ.

ಸದಸ್ಯ, ಕೋಲಾರ: ಫೈಟರ್ ಮೀನಿನ ಬಗ್ಗೆ ಎರಡನೇ ಸಲ ಕೇಳುತ್ತಿದ್ದೇನೆ.

ಸದಸ್ಯೆ, ಶಿವಮೊಗ್ಗ: ನಾಳೆ ಹನ್ನೊಂದಕ್ಕೆ ವೈದ್ಯರ ಭೇಟಿ ಸಿಕ್ಕಿದೆ ಸರ್. ಮುಲಾಮಿನ ಮೇಲೆ ಸ್ಟಿರಾಯ್ಡ್ ಎಂದೇ ಇದೆ.

ತಜ್ಞರು: ಇಂದು ರಾತ್ರಿಯಿಂದಲೇ ನಿಲ್ಲಿಸಿ. ವೈದ್ಯರು ಚರ್ಮದ ತುಣುಕು ತೆಗೆದು ಪರೀಕ್ಷಿಸಬೇಕೆಂದರೆ ಬೇಡವೆನ್ನಬೇಡಿ.

ನಿರ್ವಾಹಕರು: ಅಂಗಡಿ, ಉಪ್ಪು, ಅರಿಶಿನದ ಚರ್ಚೆಗಳನ್ನು ಇಲ್ಲಿಗೆ ಮುಚ್ಚಲಾಗಿದೆ.