ಊಟದ ನಂತರದ ಹೊಟ್ಟೆನೋವು: ಸ್ಕ್ಯಾನಿಂಗ್ ಸರಿಯಿದ್ದರೂ ಸಿಟಿ ಆಂಜಿಯೋಗ್ರಾಂ ಏಕೆ?

ಪ್ರಶ್ನೆ (ಸೋಮವಾರಪೇಟೆಯ ಸದಸ್ಯರು):
ನಮ್ಮ ಮಾವನವರಿಗೆ 68 ವರ್ಷ. ಮಧುಮೇಹವಿದೆ, ಬೀಡಿ ಬಿಟ್ಟು ಹೆಚ್ಚು ಕಾಲವಾಗಿಲ್ಲ. ಕೆಲವು ತಿಂಗಳುಗಳಿಂದ ಊಟವಾದ ಅರ್ಧ ಗಂಟೆಯೊಳಗೆ ಹೊಕ್ಕುಳಿನ ಸುತ್ತ ನೋವು ಆರಂಭವಾಗಿ ಒಂದೆರಡು ಗಂಟೆ ಕಾಡುತ್ತದೆ. ಆ ಭಯಕ್ಕೆ ಈಗ ಒಂದು ಅಕ್ಕಿ ರೊಟ್ಟಿಯನ್ನೂ ಪೂರ್ತಿ ತಿನ್ನುವುದಿಲ್ಲ, ದೇಹ ಇಳಿದುಹೋಗಿದೆ. ಎಂಡೋಸ್ಕೋಪಿಯಲ್ಲಿಯೂ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿಯೂ ದೋಷ ಕಾಣಲಿಲ್ಲ. ಕರುಳಿಗೆ ರಕ್ತ ಕಡಿಮೆ ಹೋಗುತ್ತಿರಬಹುದೆಂದು ಮಡಿಕೇರಿಯ ವೈದ್ಯರು ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳು ಎದ್ದು ಕಾಣಲು ಕಾಂಟ್ರಾಸ್ಟ್ ಎಂಬ ಔಷಧ ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್) ಬರೆದಿದ್ದಾರೆ. ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ 1.4 ಇರುವುದರಿಂದ ಕಾಂಟ್ರಾಸ್ಟ್ ಔಷಧದ ಬಗ್ಗೆ ಮನೆಯವರಿಗೆ ಅಂಜಿಕೆ. ಇದು ನಿಜವಾಗಿಯೂ ಅಗತ್ಯವೇ?

ಉತ್ತರ 1 (ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುವವರು):
ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ, ಯಕೃತ್ತು, ಮೂತ್ರಪಿಂಡಗಳನ್ನು ನೋಡುತ್ತಾರೆಯೇ ಹೊರತು ಕರುಳಿನ ರಕ್ತನಾಳಗಳಲ್ಲಿ ರಕ್ತದ ವೇಗವನ್ನು ಅಳೆಯುವುದಿಲ್ಲ. ಆದ್ದರಿಂದ ಆ ವರದಿ ಸರಿಯಿದ್ದ ಮಾತ್ರಕ್ಕೆ ವೈದ್ಯರ ಶಂಕೆ ನಿವಾರಣೆಯಾಗುವುದಿಲ್ಲ. ಮಹಾಪಧಮನಿಯಿಂದ ಸೀಲಿಯಾಕ್, ಸುಪೀರಿಯರ್ ಮೆಸೆಂಟೆರಿಕ್, ಇನ್ಫೀರಿಯರ್ ಮೆಸೆಂಟೆರಿಕ್ ಎಂಬ ಮೂರು ಕವಲುಗಳು ಜೀರ್ಣಾಂಗಗಳಿಗೆ ರಕ್ತ ಒಯ್ಯುತ್ತವೆ. ಇವು ಒಂದಕ್ಕೊಂದು ನೆರವಾಗುವುದರಿಂದ, ನಿಧಾನವಾಗಿ ಬೆಳೆಯುವ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡಾದರೂ ಕಿರಿದಾದ ಮೇಲೆಯೇ ನಿಮ್ಮ ಮಾವನವರಂಥ ನೋವು ಕಾಣಿಸಿಕೊಳ್ಳುತ್ತದೆ.

ಮೊದಲ ಹಂತವಾಗಿ ಖಾಲಿ ಹೊಟ್ಟೆಯಲ್ಲಿ ಡಾಪ್ಲರ್ (ನಾಳದಲ್ಲಿ ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ಮಾಡಿಸಬಹುದು. ಸುಪೀರಿಯರ್ ಮೆಸೆಂಟೆರಿಕ್‌ನಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 275 ಸೆಂ.ಮೀ. ದಾಟಿದರೆ ಶೇ. 70 ಅಥವಾ ಹೆಚ್ಚಿನ ಕಿರಿದಾಗುವಿಕೆಯನ್ನು ಶಂಕಿಸುತ್ತಾರೆ. ಆದರೆ ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ನಾಳ ಕಾಣುವುದೇ ಕಷ್ಟ, ಮಾಡುವವರ ಅನುಭವವೂ ಮುಖ್ಯ. ಸಿಟಿ ಆಂಜಿಯೋಗ್ರಾಂನಲ್ಲಿ ನಾಳದ ಬುಡವನ್ನು ಪಕ್ಕದ ನೋಟದಿಂದ ನೋಡಲು ಸಾಧ್ಯ. ಸುಣ್ಣದಂತೆ ಗಟ್ಟಿಯಾದ ಕೊಬ್ಬಿನ ಪದರ ಹೆಚ್ಚಾಗಿ ಕುಳಿತಿರುವುದು ಅಲ್ಲಿಯೇ.

ಒಂದು ಮಾತು: ಕೋರಿಕೆ ಚೀಟಿಯಲ್ಲಿ ಬರೀ 'ಹೊಟ್ಟೆನೋವು' ಎಂದಿರದೆ 'ಕರುಳಿನ ರಕ್ತ ಕೊರತೆಯ ಶಂಕೆ' ಎಂದೇ ಬರೆಸಿರಿ. ಹಾಗಿದ್ದರೆ ಕಾಂಟ್ರಾಸ್ಟ್ ಅಪಧಮನಿಯಲ್ಲಿರುವಾಗ ಒಮ್ಮೆ, ಅಭಿಧಮನಿಗೆ ಬಂದಾಗ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಕುಡಿಯಲು ಬಿಳಿ ಔಷಧ ಕೊಡುವುದಿಲ್ಲ, ಏಕೆಂದರೆ ಅದು ಕರುಳಿನ ಗೋಡೆಗೆ ರಕ್ತ ತಲುಪಿದೆಯೇ ಎಂಬುದನ್ನೇ ಮರೆಮಾಡುತ್ತದೆ.

ಉತ್ತರ 2 (ಗೋಣಿಕೊಪ್ಪದ ಸದಸ್ಯರು):
ಎಂಆರ್ ಆಂಜಿಯೋಗ್ರಾಂ (ಎಂಆರ್ಐ ಯಂತ್ರದಲ್ಲಿ ತೆಗೆಯುವ ರಕ್ತನಾಳಗಳ ಚಿತ್ರ) ಮಾಡಿಸಿದರೆ ಎಕ್ಸ್-ರೇ ವಿಕಿರಣವೂ ಇಲ್ಲ, ಮೂತ್ರಪಿಂಡದ ಚಿಂತೆಯೂ ಇಲ್ಲವಲ್ಲವೇ?

ಉತ್ತರ 3 (ಫಿಸಿಷಿಯನ್):
ವಿಕಿರಣವಿಲ್ಲ ಎಂಬುದು ನಿಜ. ಮೂತ್ರಪಿಂಡದ ಚಿಂತೆಯೇ ಇಲ್ಲ ಎನ್ನಲಾಗದು. ಅಲ್ಲಿ ಕಾಂಟ್ರಾಸ್ಟ್ ಆಗಿ ಬಳಸುವ ಗ್ಯಾಡೋಲಿನಿಯಂಗೂ ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಎಚ್ಚರಿಕೆ ಬೇಕು. ಅಲ್ಲದೆ ಸಣ್ಣ ಕವಲುಗಳೂ ಸುಣ್ಣದ ಪದರವೂ ಸಿಟಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡದೆ ವಯಸ್ಸಿನೊಡನೆ ಸೇರಿಸಿ ಇಜಿಎಫ್ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು) ಲೆಕ್ಕ ಹಾಕಿಸಿರಿ; ಅದು 30ಕ್ಕಿಂತ ಕೆಳಗಿದ್ದಾಗಲೇ ಕಾಂಟ್ರಾಸ್ಟ್ ಬಗೆಗಿನ ಕಾಳಜಿ ಗಂಭೀರವಾಗುತ್ತದೆ. 1.4 ಇರುವ ಈ ವಯಸ್ಸಿನ ಪುರುಷರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಮೇಲೆಯೇ ಇರುತ್ತದೆ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಸೇವಿಸುತ್ತಿದ್ದರೆ ಸ್ಕ್ಯಾನ್‌ಗೆ ಮೊದಲೇ ತಿಳಿಸಿರಿ.

ಇನ್ನೊಂದು ಸಂದರ್ಭ ಬೇರೆಯೇ ಆದದ್ದು. ತೀವ್ರ ನೋವು ದಿಢೀರನೆ ಬಂದು, ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇದ್ದರೆ, ಅದರಲ್ಲಿಯೂ ಹೃದಯದ ಬಡಿತ ಏರುಪೇರಾಗುವ ಕಾಯಿಲೆ ಇರುವವರಲ್ಲಿ, ಹೆಪ್ಪುಗಟ್ಟಿದ ರಕ್ತ ನಾಳವನ್ನು ಮುಚ್ಚಿರಬಹುದು. ಆಗ ಡಾಪ್ಲರ್‌ಗಾಗಲಿ ಕ್ರಿಯಾಟಿನಿನ್ ವರದಿಗಾಗಲಿ ಕಾಯದೆ ನೇರವಾಗಿ ಸಿಟಿ ಆಂಜಿಯೋಗ್ರಾಂ ಆಗಬೇಕು, ಏಕೆಂದರೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಲ್ಯಾಕ್ಟೇಟ್ ಎಂಬ ರಕ್ತಪರೀಕ್ಷೆ ಸರಿಯಿದೆ, ಎಕ್ಸ್-ರೇ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆರಂಭದಲ್ಲಿ ಎರಡೂ ಸರಿಯಾಗಿಯೇ ಇರಬಹುದು. ನಮ್ಮ ಜಿಲ್ಲೆಯಲ್ಲಿ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ದಾರಿಯೇ ಮುಚ್ಚಿಹೋಗಿತ್ತು. ರಾತ್ರಿಯಲ್ಲಿಯೂ ಸಿಟಿ ಮಾಡಿ ವರದಿ ಕೊಡುವ ಸ್ಥಳ ಯಾವುದೆಂದು ಈಗಲೇ ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಿರಿ.

ಪ್ರಶ್ನೆ ಕೇಳಿದವರು:
ಚೀಟಿಯನ್ನು ತಿದ್ದಿಸಿಕೊಳ್ಳುತ್ತೇವೆ. ನಾಳ ಕಿರಿದಾಗಿದೆ ಎಂದಾದರೆ ಹೊಟ್ಟೆ ಕೊಯ್ಯಲೇಬೇಕೇ?

ಉತ್ತರ 3:
ಹಾಗೇನಿಲ್ಲ. ನಿಧಾನದ ಕಾಯಿಲೆಯಲ್ಲಿ ತೊಡೆಯ ಅಥವಾ ತೋಳಿನ ನಾಳದ ಮೂಲಕ ಕ್ಯಾಥೆಟರ್ ಹಾಯಿಸಿ ಸ್ಟೆಂಟ್ ಕೂರಿಸುವುದೇ ಹೆಚ್ಚಾಗಿ ಮೊದಲ ಆಯ್ಕೆ. ಸ್ಟೆಂಟ್ ಮತ್ತೆ ಕಿರಿದಾಗುವ ಸಾಧ್ಯತೆ ಇರುವುದರಿಂದ ಆಗಾಗ ಡಾಪ್ಲರ್ ಮಾಡಿಸುತ್ತಿರಬೇಕಾಗುತ್ತದೆ. ಸಿಟಿಯ ವರದಿಯನ್ನಷ್ಟೇ ಅಲ್ಲದೆ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ಸ್ಟೆಂಟ್ ಹಾಕುವವರು ನಾಳದ ಅಳತೆಯನ್ನು ಅದರಲ್ಲಿಯೇ ನೋಡುತ್ತಾರೆ.