ಮರು: ಆಪರೇಟರ್ ಪ್ಯಾನೆಲ್‌ಗೆ ಕನ್ನಡ ಪದ (ಸೋಮವಾರ ಮುದ್ರಣಕ್ಕೆ ಹೋಗುತ್ತೆ)

ಯಂತ್ರ ನಡೆಸುವವರು ಮುಟ್ಟಿ ಕೆಲಸ ಮಾಡುವ ಸ್ಕ್ರೀನಿಗೆ, ಅಂದರೆ ಆಪರೇಟರ್ ಪ್ಯಾನೆಲ್‌ಗೆ, ಕನ್ನಡದಲ್ಲಿ ಏನನ್ನಬಹುದು ಅಂತ ಇಲ್ಲಿ ಕೇಳಿದ್ದೆ. ನಿನ್ನೆಯಿಂದ ಬಂದ ಉತ್ತರಗಳನ್ನೆಲ್ಲ ಓದಿದೆ. ಫಲಕ ಸಂಸ್ಕೃತ, ಹಲಗೆ ಅಚ್ಚಗನ್ನಡ, ಅದಕ್ಕೇ "ನಡೆಸುಹಲಗೆ" ಅನ್ನಿ ಅಂತ ಹಿರಿಯರೊಬ್ಬರು ಬರೆದಿದ್ದಾರೆ. ಸರ್, ಹಲಗೆ ಆ ಫಲಕದ್ದೇ ತದ್ಭವ. ಪಾಲು ಹಾಲಾದ ಹಾಗೆ ಪಲಗೆ ಹಲಗೆಯಾಯಿತು. ಅಚ್ಚಗನ್ನಡದ ವಾದ ಇಲ್ಲಿ ನಿಲ್ಲಲ್ಲ.

ನನ್ನ ತೊಂದರೆ ಬೇರೆ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಗೆ (ಎರಕದ ಕಾರ್ಖಾನೆ) ಕೈಪಿಡಿ ಮತ್ತು ಸ್ಕ್ರೀನಿನ ಬರಹ ಎರಡನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಪ್ಯಾನೆಲ್ ಅಂದರೆ ಕಾಂಟ್ಯಾಕ್ಟರ್, ಎಂಸಿಬಿಯಂಥ ವಿದ್ಯುತ್ ಸ್ವಿಚ್ಚುಗಳನ್ನೆಲ್ಲ ಕೂರಿಸಿದ ಕಬ್ಬಿಣದ ದೊಡ್ಡ ಪೆಟ್ಟಿಗೆ. ಅದರ ಬಾಗಿಲಲ್ಲಿರುವ ಟಚ್ ಸ್ಕ್ರೀನಿಗೆ ಎಚ್‌ಎಂಐ (ಹ್ಯೂಮನ್ ಮೆಷಿನ್ ಇಂಟರ್‌ಫೇಸ್) ಅಂತಾರೆ, ಇಲ್ಲಾ ಬರೀ ಸ್ಕ್ರೀನ್. ಈ ಸ್ಕ್ರೀನನ್ನು ಮನಸ್ಸಿನಲ್ಲಿಟ್ಟು "ಪ್ಯಾನೆಲ್ ಆಫ್ ಮಾಡಿ" ಅಂತ ನಾನು ಬರೆದರೆ ಹುಡುಗರು ಪೆಟ್ಟಿಗೆಯ ಮೇನ್ ಸ್ವಿಚ್ಚನ್ನೇ ಇಳಿಸುತ್ತಾರೆ. ಕೂಲಿಂಗ್ ಪಂಪಿನ ಸ್ಟಾರ್ಟರ್ ಇರುವುದೂ ಅದರೊಳಗೇ. ಇಂಡಕ್ಷನ್ ಫರ್ನೆಸ್ಸಿನಲ್ಲಿ (ವಿದ್ಯುತ್ ಕುಲುಮೆ) ಕರಗಿದ ಕಬ್ಬಿಣ ಇರುವಾಗ ಅದರ ಸುತ್ತಲಿನ ಕಾಯಿಲ್‌ಗೆ ಆ ಪಂಪಿನ ನೀರು ನಿಲ್ಲುವ ಹಾಗೇ ಇಲ್ಲ. ಹಾಗಾಗಿ ಪ್ಯಾನೆಲ್ ಪದ ಬೇಡ. ಇದು ಭಾಷಾಭಿಮಾನದ ಮಾತಲ್ಲ.

ಇನ್ನೊಂದು, ಪ್ಯಾನೆಲ್, ಫಲಕ, ಹಲಗೆ ಮೂರೂ ಹೇಳುವುದು ವಸ್ತುವಿನ ಆಕಾರವನ್ನು. ಆ ಆಕಾರವೇ ಈಗ ಹೋಗ್ತಾ ಇದೆ. ಮೊದಲೆಲ್ಲ ತಯಾರಕರು ಸ್ಕ್ರೀನ್, ಒಳಗಿನ ಬೋರ್ಡು, ತಮ್ಮದೇ ಸಾಫ್ಟ್‌ವೇರ್ ಎಲ್ಲವನ್ನೂ ಒಟ್ಟಿಗೇ ಮಾರುತ್ತಿದ್ದರು. ಇಂಥ ಎಷ್ಟೋ ಸ್ಕ್ರೀನ್‌ಗಳು ಓಡುತ್ತಿದ್ದುದು ವಿಂಡೋಸ್ ಸಿಇ ಅನ್ನುವ, ಚಿಕ್ಕ ಉಪಕರಣಗಳಿಗೆಂದೇ ಮಾಡಿದ ವಿಂಡೋಸ್ ಮೇಲೆ. ಅದರ ಕೊನೇ ಆವೃತ್ತಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈಗ ಲಿನಕ್ಸ್, ಆಂಡ್ರಾಯ್ಡ್, ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಪುಟಗಳು. ಬಾಗಿಲಲ್ಲಿ ಕಾಣುವ ಚಿತ್ರವೇ ಸೂಪರ್‌ವೈಸರ್ ಕೈಯ ಟ್ಯಾಬ್ಲೆಟ್‌ನಲ್ಲೂ ಬರುತ್ತೆ. ಬರೀ ಪೆಟ್ಟಿಗೆ ಮಾರಿ ಬದುಕುವುದು ಕಷ್ಟ ಅಂತ ಹಲವು ತಯಾರಕರು ಸಾಫ್ಟ್‌ವೇರ್ ಲೈಸೆನ್ಸಿನ ಕಡೆ ಹೊರಳಿದ್ದಾರೆ. ಫೌಂಡ್ರಿಯ ಧೂಳಿಗೆ, ಗ್ಲೌಸ್ ಹಾಕಿದ ಕೈಗೆ ಸಾಮಾನ್ಯ ಟ್ಯಾಬ್ಲೆಟ್ ಒಗ್ಗಲ್ಲ, ಹಾಗಾಗಿ ಬಾಗಿಲಿನ ಸ್ಕ್ರೀನ್ ಪೂರ್ತಿ ಹೋಗಲಾರದು. ಪದ ಮಾತ್ರ ಎರಡಕ್ಕೂ ಹೊಂದಬೇಕು.

"ತೆರೆ" ಅಂತ ಇಬ್ಬರು ಸೂಚಿಸಿದ್ದಾರೆ. ಚೆಂದದ ಪದ, ಆದರೆ ಆಗಲ್ಲ. ಇದೇ ಸ್ಕ್ರೀನಿನಲ್ಲಿ ವಾಲ್ವಿನ ಪಕ್ಕ "ತೆರೆ", "ಮುಚ್ಚು" ಅಂತ ಎರಡು ಬಟನ್ ಇವೆ.

ಒತ್ತಕ್ಷರದ್ದು ಇನ್ನೂ ದೊಡ್ಡ ತಲೆನೋವು. ಹಳೇ ಮಾಡೆಲ್‌ಗಳಲ್ಲಿ ಯೂನಿಕೋಡ್ ಅಕ್ಷರ ಇದ್ದರೂ ಅವನ್ನು ಕೂಡಿಸುವ ವ್ಯವಸ್ಥೆ ಇರುವುದಿಲ್ಲ. "ಒತ್ತಡ" ಅಂತ ಹಾಕಿದರೆ "ಒತ್‌ತಡ" ಅಂತ ಮೂಡುತ್ತೆ. ಬಟನ್ ಆದರೆ ಪದವನ್ನೇ ಚಿತ್ರ ಮಾಡಿ ಅಂಟಿಸಬಹುದು, ಅಲಾರ್ಮ್ ಪಟ್ಟಿಯಲ್ಲಿ ಅದೂ ನಡೆಯಲ್ಲ. "ಯಂತ್ರಸಂವಾದಿ" ಅಂತ ಟಂಕಿಸಿದವರು ದಯವಿಟ್ಟು ಇದನ್ನು ಗಮನಿಸಿ.

ಸದ್ಯಕ್ಕೆ ನನ್ನ ಒಲವು "ಆಪರೇಟರ್ ಪರದೆ" ಕಡೆಗೆ. ಪರದೆ ಪಾರಸಿ, ಆಪರೇಟರ್ ಇಂಗ್ಲಿಷ್, ಗೊತ್ತು. ಶಿವಮೊಗ್ಗದಲ್ಲಿ ಪರದೆಯನ್ನು ಯಾರೂ ಹೊರಗಿನದು ಅನ್ನಲ್ಲ, ಪಾಳಿಯ ಹುಡುಗರಿಗೆ ಎರಡೂ ಅರ್ಥವಾಗುತ್ತೆ, ಒಂದೂ ಒತ್ತಕ್ಷರ ಇಲ್ಲ. ಎರವಲು ಬೇಕೋ ಬೇಡವೋ ಅನ್ನುವ ಚರ್ಚೆಗೆ ಬೇರೆ ಎಳೆ ಶುರು ಮಾಡಿ, ಅಲ್ಲಿಗೂ ಬರುತ್ತೇನೆ. ಇದಕ್ಕಿಂತ ಒಳ್ಳೇ ಪದ ಇದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.